ಔಷಧಿ ಹೊಡೆದ ಅಂಗಿ, ಹೊಟ್ಟೆಯಲ್ಲಿರುವ ಮಗು

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ, ಆಲೂರು ತಾಲ್ಲೂಕಿನ ಒಂದು ಹಳ್ಳಿ. ಆಲೂಗೆಡ್ಡೆ, ಶುಂಠಿ, ಸ್ವಲ್ಪ ಮುಸುಕಿನ ಜೋಳ ಬೆಳೆಯುತ್ತೇವೆ. ಔಷಧಿ ನಮ್ಮ ಯಜಮಾನರೇ ಹೊಡೆಯುತ್ತಾರೆ. ನನಗೆ 26 ವರ್ಷ. ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೊಳ್ತಾ ಇದ್ದೀನಿ. ಈಗ ಎರಡೂವರೆ ತಿಂಗಳ ಬಸುರಿ. ಕುಡಿಯುವ ನೀರಿನ ಬೋರು ಶುಂಠಿ ಹೊಲದ ಬದುವಿನಲ್ಲೇ ಇದೆ. ನಾದಿನಿಯ ಮಗಳು ಹತ್ತೂವರೆ ವರ್ಷಕ್ಕೇ ದೊಡ್ಡವಳಾದಳು, ಬ್ರಾಯ್ಲರ್ ಕೋಳಿ ತಿಂದಿದ್ದಕ್ಕೆ ಅಂತ ಎಲ್ಲರೂ ಹೇಳ್ತಾರೆ. ತರಕಾರಿಯಲ್ಲಿರುವ ವಿಷ ಜೀನನ್ನೇ ಬದಲಾಯಿಸುತ್ತೆ, ಅದು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೋಗುತ್ತೆ ಅಂತ ಮೊಬೈಲಿನಲ್ಲಿ ನೋಡಿದಾಗಿನಿಂದ ನಿದ್ದೆ ಬರ್ತಿಲ್ಲ. ಪೇಟೆ ತರಕಾರಿ ಪೂರ್ತಿ ಬಿಟ್ಟುಬಿಡಲಾ? ಮಗು ಹುಟ್ಟಿದ ಮೇಲೆ ನನ್ನ ಹಾಲು ಕೊಡಬಹುದಾ?

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ಕಣ್ಣ ಮುಂದೆ ಬಂದದ್ದು ಔಷಧಿ ಹೊಡೆದು ಬಂದವರ ಅಂಗಿ. ಅದನ್ನು ನಿಮ್ಮ ಮನೆಯಲ್ಲಿ ಯಾರು ಒಗೆಯುತ್ತಾರೆ? ನೀವೇ ಇರಬೇಕು, ಅಲ್ವಾ? ಪೇಟೆ ತರಕಾರಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಬೇಸಾಯದ ಮನೆಯಲ್ಲಿ ಬಸುರಿಯ ಮೈಗೆ ಸೇರುವ ರಾಸಾಯನಿಕದ ದೊಡ್ಡ ಪಾಲು ಆ ಅಂಗಿಯಿಂದ, ಔಷಧಿ ಕಲಸುವ ಡ್ರಮ್ಮಿನಿಂದ, ಮನೆಯ ಮೂಲೆಯಲ್ಲಿ ಬಾಯಿ ತೆರೆದಿಟ್ಟ ಪ್ಯಾಕೆಟ್ಟಿನಿಂದ ಬರಬಹುದು. ತಟ್ಟೆಯಲ್ಲಿರುವ ಹುರುಳಿಕಾಯಿ ಪಲ್ಯದ ಪಾಲು ಅದರ ಮುಂದೆ ಸಣ್ಣದು. ಹೀಗೆ ಹೇಳುವುದು ನಿಮಗೆ ಸಮಾಧಾನ ಆಗಲಿ ಅಂತಲೇ. ಪೇಟೆಯ ತರಕಾರಿಗೆ ಯಾರು ಏನು ಹೊಡೆದರು ಅಂತ ನಿಮಗೆ ಗೊತ್ತಾಗುವುದಿಲ್ಲ, ಅಂಗಿ ಎಲ್ಲಿ ನೆನೆಹಾಕಬೇಕು ಅನ್ನುವುದನ್ನು ಇವತ್ತೇ ಬದಲಾಯಿಸಬಹುದು.

ನಾನು ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಪಾಠ ಮಾಡಿದವಳು. ಹುಟ್ಟಿ ಬೆಳೆದದ್ದು ಹಾಸನದ ಹತ್ತಿರ ಆಲೂಗೆಡ್ಡೆ ಬೆಳೆಯುವ ಮನೆಯಲ್ಲಿ. ಜೂನ್ ಕಳೆದು ಜಿಟಿಜಿಟಿ ಮಳೆ ಹಿಡಿದು, ಎಲೆಯ ಅಂಚಿನಲ್ಲಿ ಕಪ್ಪು ಚುಕ್ಕೆ ಕಂಡರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಅಂಗಮಾರಿ ಬಂದರೆ ಜಲಂಧರಿನಿಂದ ಬಂದ ಬಿತ್ತನೆ ಗೆಡ್ಡೆಯ ದುಡ್ಡೂ ಹುಟ್ಟುವುದಿಲ್ಲ. ಅದಕ್ಕೇ ವಾರಕ್ಕೊಂದು ಸಲ ಔಷಧಿ. ಅಪ್ಪ ಹಳದಿ ಪುಡಿಯನ್ನು ಡ್ರಮ್ಮಿನ ನೀರಿಗೆ ಸುರಿದು, ಮೊಣಕೈವರೆಗೆ ಕೈ ಇಳಿಸಿ ಕಲಕುತ್ತಿದ್ದರು. ಕೈ ಒಣಗಿದ ಮೇಲೆ ಕೂದಲಿಗೆಲ್ಲ ಅರಿಸಿನ ಹಚ್ಚಿದ ಹಾಗೆ ಕಾಣುತ್ತಿತ್ತು. ಅದೇ ಕೈಯಲ್ಲಿ ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಮ್ಮ ಆ ಬಟ್ಟೆಯನ್ನೂ ನಮ್ಮ ಸ್ಕೂಲ್ ಬಟ್ಟೆಯನ್ನೂ ಒಂದೇ ಬಕೆಟಿನಲ್ಲಿ ನೆನೆಹಾಕುತ್ತಿದ್ದಳು. ಯಾರಿಗೂ ಇದು ತಪ್ಪು ಅನ್ನಿಸಿರಲಿಲ್ಲ. ಅದನ್ನು ನಾವು ಕರೆಯುತ್ತಿದ್ದುದೇ ಔಷಧಿ ಅಂತ.

ಆ ಹಳದಿ ಪುಡಿಯ ಹೆಸರು ಮ್ಯಾಂಕೋಜೆಬ್. ಅಂಗಡಿಯಲ್ಲಿ ಎಂ-45 ಅಂತ ಕೇಳಿ ತರುತ್ತಾರಲ್ಲ, ಅದು. ನಿಮ್ಮ ಯಜಮಾನರೂ ಅದನ್ನೋ, ಅದು ಬೆರೆತ ಇನ್ನೊಂದನ್ನೋ ಹೊಡೆಯುತ್ತಿರಬಹುದು. ಪ್ಯಾಕೆಟ್ಟನ್ನು ನೀವು ಮುಟ್ಟಬೇಡಿ, ಫೋಟೋ ತೆಗೆದು ತೋರಿಸಲು ಅವರಿಗೆ ಹೇಳಿ. ಅದರ ಮೇಲೆ ಮೂಲೆ ಮೇಲಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ. ಚೌಕದ ಕೆಳಗಿನ ಅರ್ಧಕ್ಕೆ ಬಣ್ಣ ತುಂಬಿರುತ್ತದೆ: ಕೆಂಪು, ಹಳದಿ, ನೀಲಿ ಅಥವಾ ಹಸಿರು. ಮ್ಯಾಂಕೋಜೆಬ್‌ಗೆ ಹಸಿರು. ‘ಹಸಿರು ಇದೆ ಬಿಡಿ ಮೇಡಂ, ಏನೂ ಆಗಲ್ಲ’ ಅಂತ ನನಗೇ ಎಷ್ಟೋ ರೈತರು ಹೇಳಿದ್ದಾರೆ. ಆ ಬಣ್ಣ ಏನು ಹೇಳುತ್ತದೆ ಅನ್ನುವುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ. ಪರೀಕ್ಷೆಗೆ ಇಟ್ಟ ಇಲಿಗಳಲ್ಲಿ ಅರ್ಧ ಸಾಯಬೇಕಾದರೆ ಎಷ್ಟು ತಿನ್ನಿಸಬೇಕು ಅಂತ ಲೆಕ್ಕ ಹಾಕುತ್ತಾರೆ. ಒಂದು ಕೆಜಿ ತೂಕಕ್ಕೆ 50 ಮಿಲಿಗ್ರಾಂ ಒಳಗೇ ಸತ್ತರೆ ಕೆಂಪು, 5000 ಮಿಲಿಗ್ರಾಂ ದಾಟಿದರೆ ಹಸಿರು. ಅಷ್ಟೇ. ಒಂದೇ ಸಲಕ್ಕೆ ಜೀವ ಹೋಗುತ್ತದಾ ಅನ್ನುವ ಲೆಕ್ಕ ಅದು. ವರ್ಷಗಟ್ಟಲೆ ಚೂರು ಚೂರೇ ಮೈಗೆ ಸೇರಿದರೆ ಹಾರ್ಮೋನಿಗೆ ಏನಾಗುತ್ತದೆ, ಬಸುರಿಗೆ ಏನಾಗುತ್ತದೆ ಅನ್ನುವುದು ಆ ಬಣ್ಣದಲ್ಲಿ ಇಲ್ಲವೇ ಇಲ್ಲ. ಇದೇ ಹಸಿರು ಗುರುತಿನ ಮ್ಯಾಂಕೋಜೆಬ್‌ಗೆ ಯುರೋಪ್ ಒಕ್ಕೂಟ 2020ರ ಡಿಸೆಂಬರ್‌ನಲ್ಲಿ ಅನುಮತಿ ಮುಂದುವರಿಸಲಿಲ್ಲ. ಅದು ಹಾರ್ಮೋನ್ ಕೆಲಸ ಕೆಡಿಸುತ್ತದೆ, ಹುಟ್ಟುವ ಮಗುವಿಗೆ ಹಾನಿ ಮಾಡಬಹುದು ಅನ್ನುವುದು ಅವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಸೇರಿತ್ತು.

ಈಗ ಹಾರ್ಮೋನ್ ಅಂದರೇನು ಅಂತ ನೋಡೋಣ. ಅದು ನಿಮ್ಮ ಕೊಟ್ಟಿಗೆಯಲ್ಲೇ ಕಾಣುತ್ತದೆ. ಕರು ಬಿಟ್ಟು, ಅದು ಕೆಚ್ಚಲಿಗೆ ಎರಡು ಗುದ್ದು ಗುದ್ದಿದ ಮೇಲೆ ಹಸು ಸೊರ ಬಿಡುತ್ತದಲ್ಲ, ಜೋತು ಬಿದ್ದಿದ್ದ ಮೊಲೆ ತುಂಬಿಕೊಂಡು ಬಿಗಿಯಾಗುತ್ತದಲ್ಲ, ಅದು ಹಾರ್ಮೋನ್ ಮಾಡುವ ಕೆಲಸ. ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಅನ್ನುವುದು ರಕ್ತಕ್ಕೆ ಬಂದು ಕೆಚ್ಚಲಿಗೆ ‘ಬಿಡು’ ಅನ್ನುತ್ತದೆ. ಅಷ್ಟು ದೊಡ್ಡ ಹಸುವಿಗೆ ಬೇಕಾಗುವುದು ಕಣ್ಣಿಗೆ ಕಾಣದಷ್ಟು ಚೂರು. ಅದೇ ಹೊತ್ತಿಗೆ ನಾಯಿ ಬೊಗಳಿತು, ಯಾರೋ ಹೊಸಬರು ಕೊಟ್ಟಿಗೆಗೆ ನುಗ್ಗಿದರು ಅನ್ನಿ. ಹಸು ಹಾಲು ತಡೆದುಕೊಳ್ಳುತ್ತದೆ. ಹೆದರಿಕೆಯ ಹಾರ್ಮೋನ್ ಬಂದು ಮೊದಲಿನ ಮಾತನ್ನು ನಡುವೆಯೇ ಕತ್ತರಿಸುತ್ತದೆ.

ನಮ್ಮ ಮೈಯಲ್ಲೂ ಹೀಗೇ. ಹೆಣ್ಣುಮಕ್ಕಳ ರಕ್ತದಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಅಳೆಯುವುದು ಪಿಕೋಗ್ರಾಂ ಲೆಕ್ಕದಲ್ಲಿ. ಒಂದು ಗ್ರಾಮನ್ನು ಲಕ್ಷ ಕೋಟಿ ಭಾಗ ಮಾಡಿದರೆ ಸಿಗುವ ಒಂದು ಭಾಗ ಅದು. ಅಷ್ಟು ಸಣ್ಣ ಮಾತಿಗೆ ಮೈಯೆಲ್ಲ ಓಗೊಡುತ್ತದೆ ಅಂದಮೇಲೆ, ಹೊರಗಿನಿಂದ ಬಂದ ರಾಸಾಯನಿಕ ಸ್ವಲ್ಪವೇ ಇದ್ದರೂ ನಡುವೆ ಬಾಯಿ ಹಾಕಬಹುದು. ಕೆಲವು ರಾಸಾಯನಿಕ ಹಾರ್ಮೋನಿನ ವೇಷ ಹಾಕುತ್ತವೆ. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ, ಡಬ್ಬಿಯ ಒಳಲೇಪದಲ್ಲಿ ಬಳಸುವ ಬಿಸ್ಫಿನಾಲ್-ಎ ಈಸ್ಟ್ರೋಜನ್ ಹಾಗೆ ನಡೆದುಕೊಳ್ಳುತ್ತದೆ. ಕೆಲವು ದಾರಿಗೆ ಅಡ್ಡ ನಿಲ್ಲುತ್ತವೆ. ಡಿಡಿಟಿ ಮೈಯೊಳಗೆ ಒಡೆದು ಡಿಡಿಇ ಆಗುತ್ತದೆ, ಅದು ಗಂಡು ಹಾರ್ಮೋನಿನ ಜಾಗ ಹಿಡಿದು ಕೂರುತ್ತದೆ. ಮ್ಯಾಂಕೋಜೆಬ್ ಮಾಡುವುದು ಮೂರನೆಯ ಥರದ್ದು. ಅದು ಒಡೆದಾಗ ಎಥಿಲೀನ್ ಥಯೋಯೂರಿಯಾ ಅನ್ನುವುದು ಹುಟ್ಟುತ್ತದೆ. ನಮ್ಮ ಕತ್ತಿನ ಥೈರಾಯ್ಡ್ ಗ್ರಂಥಿ ಉಪ್ಪಿನಿಂದ ಬಂದ ಅಯೋಡಿನ್ ಹಿಡಿದು, ಒಂದು ಕಿಣ್ವದ ಸಹಾಯದಿಂದ ಹಾರ್ಮೋನಿಗೆ ಸೇರಿಸುತ್ತದೆ. ಎಥಿಲೀನ್ ಥಯೋಯೂರಿಯಾ ಆ ಕಿಣ್ವವನ್ನೇ ತಡೆಯುತ್ತದೆ. ಅಯೋಡಿನ್ ಇದ್ದರೂ ಹಾರ್ಮೋನ್ ತಯಾರಾಗುವುದಿಲ್ಲ.

ಹಾಗಾದರೆ ನಿಮ್ಮ ಥೈರಾಯ್ಡ್ ತೊಂದರೆ ಇದರಿಂದಲೇ ಬಂತಾ? ಹಾಗೆ ಹೇಳಲು ಯಾರಿಗೂ ಆಗುವುದಿಲ್ಲ, ನಾನೂ ಹೇಳುವುದಿಲ್ಲ. ನಮ್ಮ ದೇಶದ ಎಂಟು ನಗರಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಸುಮಾರು 10 ಜನ ವಯಸ್ಕರಲ್ಲಿ ಒಬ್ಬರಿಗೆ ಥೈರಾಯ್ಡ್ ಕಡಿಮೆ ಇತ್ತು. ಹೊಲದ ಮುಖ ನೋಡದವರೇ ಅವರಲ್ಲಿ ಹೆಚ್ಚು. ನಮ್ಮ ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು ಇದಕ್ಕೆ ಬಹಳ ಸಾಮಾನ್ಯ ಕಾರಣ. ಆದರೂ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದ ಅಯೋವಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ 16 ಸಾವಿರಕ್ಕೂ ಹೆಚ್ಚು ರೈತರ ಹೆಂಡತಿಯರನ್ನು ಕೇಳಿ ನೋಡಿದ ಅಧ್ಯಯನ 2010ರಲ್ಲಿ ಬಂತು. ಮ್ಯಾಂಕೋಜೆಬ್ ಅಥವಾ ಅದರ ಜಾತಿಯ ಮ್ಯಾನೆಬ್ ಬಳಸಿದ್ದ ಹೆಂಗಸರಲ್ಲಿ ಥೈರಾಯ್ಡ್ ಕಡಿಮೆಯಾಗುವ ಸಂಭವ ಸುಮಾರು ಎರಡು ಪಟ್ಟು ಕಂಡಿತು. ಇದರಿಂದ ಕಾರಣ ಸಾಬೀತಾಯಿತು ಅಂತಲ್ಲ. ಎಚ್ಚರ ವಹಿಸಲು ಇಷ್ಟು ಸಾಕು.

ನಿಮ್ಮ ಥೈರಾಯ್ಡ್ ಮಾತ್ರೆಯ ವಿಷಯದಲ್ಲಿ ಒಂದು ಮಾತು, ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಹೊಟ್ಟೆಯಲ್ಲಿರುವ ಮಗುವಿನ ಥೈರಾಯ್ಡ್ ಗ್ರಂಥಿ ಮೊದಲ ಮೂರು ತಿಂಗಳು ಕೆಲಸ ಶುರು ಮಾಡಿರುವುದಿಲ್ಲ. ಅಲ್ಲಿವರೆಗೆ ಅದರ ಮಿದುಳು ಬೆಳೆಯುವುದು ನಿಮ್ಮ ರಕ್ತದಿಂದ ಹೋಗುವ ಹಾರ್ಮೋನಿನಿಂದ. ಅದಕ್ಕೇ ‘ಬಸುರಿಯಲ್ಲಿ ಮಾತ್ರೆ ಯಾಕೆ’ ಅಂತ ಯಾರು ಹೇಳಿದರೂ ನಿಲ್ಲಿಸಬೇಡಿ. ಹೆಚ್ಚಿನವರಿಗೆ ಬಸುರಿಯಾದ ಮೇಲೆ ಡೋಸ್ ಜಾಸ್ತಿಯೇ ಬೇಕಾಗುತ್ತದೆ. ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ ಒಂದು ತಿಂಗಳು ದಾಟಿದ್ದರೆ ಈ ವಾರವೇ ಮಾಡಿಸಿ. ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿಯುವುದೂ ಬೇಡ. ನಮ್ಮ ಕಡೆ ಎದ್ದ ತಕ್ಷಣ ಲೋಟ ಕೈಗೆ ಬರಬೇಕು, ಗೊತ್ತು. ಆದರೆ ಕಾಫಿ ಆ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ. ಬರೀ ನೀರಿನಲ್ಲಿ ಮಾತ್ರೆ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ದೂರ ಇರಲಿ. ಅಯೋಡಿನ್ ಇರುವ ಉಪ್ಪನ್ನೇ ಬಳಸಿ. ಜೋರು ಮಳೆ ಬೀಳುವ ಗುಡ್ಡದ ಸೀಮೆಯಲ್ಲಿ ಮಣ್ಣಿನ ಅಯೋಡಿನ್ ತೊಳೆದುಹೋಗುತ್ತದೆ, ಮಲೆನಾಡಿಗೆ ಗಳಗಂಡ ಹಳೆಯ ಕಾಯಿಲೆ.

ಎರಡೂವರೆ ತಿಂಗಳು ಅಂತ ಬರೆದಿದ್ದೀರಲ್ಲ, ನನಗೆ ಅದೇ ಮುಖ್ಯ. ಕಾಫಿ ತೋಟದವರನ್ನು ಕೇಳಿ. ಜುಲೈನಲ್ಲಿ ಎಷ್ಟೇ ಮಳೆ ಬೀಳಲಿ, ಮಾರ್ಚ್-ಏಪ್ರಿಲ್‌ನಲ್ಲಿ ಬೀಳುವ ಒಂದಿಂಚು ಹೂಮಳೆಯ ಜಾಗ ಅದು ತುಂಬುವುದಿಲ್ಲ. ಸರಿಯಾದ ಹೊತ್ತಿಗೆ ಬಂದರೆ ತೋಟವೆಲ್ಲ ಬಿಳಿ. ಅದೇ ಮಳೆ ಹೂ ಅರಳಿ ನಿಂತ ದಿನ ಬಿದ್ದರೆ ಹೂವೇ ಕೆಟ್ಟುಹೋಗುತ್ತದೆ. ಹಾರ್ಮೋನ್ ಕೆಡಿಸುವ ರಾಸಾಯನಿಕದ ಲೆಕ್ಕವೂ ಹೀಗೇ: ಎಷ್ಟು ಅನ್ನುವುದರ ಜೊತೆಗೆ ಯಾವಾಗ ಅನ್ನುವುದೂ ಬರುತ್ತದೆ. ದೊಡ್ಡವರ ಮೈ ತಡೆದುಕೊಳ್ಳುವಷ್ಟು ಪ್ರಮಾಣ, ಅಂಗಾಂಗ ಮೂಡುತ್ತಿರುವ ಮಗುವಿಗೆ ತಡೆಯದೇ ಹೋಗಬಹುದು.

ಇದು ಜಗತ್ತಿಗೆ ಗೊತ್ತಾದದ್ದು ಒಂದು ಮಾತ್ರೆಯಿಂದ. ಡಿಇಎಸ್ ಅಂತ ಪ್ರಯೋಗಾಲಯದಲ್ಲಿ ಮಾಡಿದ ಈಸ್ಟ್ರೋಜನ್. 1940ರ ದಶಕದಿಂದ ಅಮೆರಿಕದಲ್ಲಿ ಗರ್ಭ ನಿಲ್ಲಲಿ ಅಂತ ಲಕ್ಷಾಂತರ ಬಸುರಿಯರಿಗೆ ಕೊಟ್ಟರು. ತಾಯಂದಿರು ಆಗ ಚೆನ್ನಾಗೇ ಇದ್ದರು. ಮಕ್ಕಳೂ ಚೆನ್ನಾಗೇ ಹುಟ್ಟಿದವು. ಆ ಹೆಣ್ಣುಮಕ್ಕಳು ಹದಿನೈದು ಇಪ್ಪತ್ತು ವಯಸ್ಸಿಗೆ ಬಂದಾಗ ಕೆಲವರ ಯೋನಿಯಲ್ಲಿ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿತು. 1971ರಲ್ಲಿ ಬಾಸ್ಟನ್ನಿನ ವೈದ್ಯರು ತಾಯಿ ನುಂಗಿದ ಮಾತ್ರೆಗೂ ಮಗಳ ಕಾಯಿಲೆಗೂ ಇರುವ ನಂಟನ್ನು ಹಿಡಿದರು, ಅದೇ ವರ್ಷ ಬಸುರಿಯರಿಗೆ ಕೊಡಬಾರದು ಅಂತ ಸರ್ಕಾರ ಎಚ್ಚರಿಸಿತು. ಅದು ವೈದ್ಯರು ಬೇಕಂತಲೇ ಕೊಟ್ಟ ದೊಡ್ಡ ಡೋಸ್, ಬಟ್ಟೆಯಿಂದ ಬರುವ ಚೂರಿಗೆ ಹೋಲಿಸುವಂಥದ್ದಲ್ಲ. ಆದರೆ ಹೊಟ್ಟೆಯಲ್ಲಿದ್ದಾಗ ಬಿದ್ದ ಗುರುತು ಇಪ್ಪತ್ತು ವರ್ಷ ಸುಮ್ಮನಿದ್ದು ಎದ್ದು ಬರಬಹುದು ಅಂತ ನಮಗೆ ಕಲಿಸಿದ್ದು ಅದು.

ಇನ್ನು ನಿಮ್ಮ ನಿದ್ದೆ ಕೆಡಿಸಿದ ಜೀನ್ ವಿಷಯ. ಮೊಬೈಲಿನಲ್ಲಿ ಎರಡು ಬೇರೆ ಬೇರೆ ಸಂಗತಿಯನ್ನು ಕಲಸಿ ಹೇಳಿದ್ದಾರೆ. ಪಹಣಿ ನೆನಪಿಸಿಕೊಳ್ಳಿ. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿ ಬಿತ್ತು ಅನ್ನಿ, ಜಮೀನು ಇನ್ನೊಬ್ಬರದಾಗಿ ಕಾಣುತ್ತದೆ. ಜೀನಿನ ಬರಹದಲ್ಲಿ ಅಕ್ಷರವೇ ಬದಲಾಗುವುದು ಇಂಥದ್ದು. ಇನ್ನೊಂದು ಥರ ಇದೆ. ಬರಹ ಸರಿಯಾಗೇ ಇದೆ, ಆದರೆ ಆ ಪುಟಕ್ಕೆ ಯಾರೋ ಪಿನ್ ಹೊಡೆದು ಮುಚ್ಚಿದ್ದಾರೆ. ಓದುವವರಿಗೆ ಅದು ಕಾಣುವುದೇ ಇಲ್ಲ.

ಅಕ್ಷರ ಬದಲಾಯಿಸುವುದರಲ್ಲಿ ಬಹಳ ಚೆನ್ನಾಗಿ ಗೊತ್ತಿರುವ ಆಹಾರದ ವಿಷ ಯಾವುದು ಗೊತ್ತಾ? ಯಾವ ಕಂಪನಿಯೂ ತಯಾರಿಸದ್ದು. ಬೂಷ್ಟು ಹಿಡಿದ ಮುಸುಕಿನ ಜೋಳ, ಕಡಲೆಕಾಯಿ, ಕೊಬ್ಬರಿ, ಒಣಮೆಣಸಿನಕಾಯಿಯಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್. ನಮ್ಮ ಲಿವರ್ ಅದನ್ನು ಹೊರಹಾಕಲು ಹೋಗಿ ಇನ್ನಷ್ಟು ಚುರುಕಾದ ರೂಪಕ್ಕೆ ತಿರುಗಿಸುತ್ತದೆ. ಆ ರೂಪ ಹೋಗಿ, ಜೀನಿನ ಬರಹ ಇರುವ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಕೆಟ್ಟ ಕೋಶ ಬೆಳೆಯದಂತೆ ಕಾಯುವ ಪಿ53 ಅನ್ನುವ ಜೀನ್ ಇದೆ. ಅದರ 249ನೇ ಜಾಗದಲ್ಲಿ ಜಿ ಅನ್ನುವ ಅಕ್ಷರ ಟಿ ಆಗುತ್ತದೆ. ಅಫ್ಲಾಟಾಕ್ಸಿನ್ ಜಾಸ್ತಿ ಇರುವ ದೇಶಗಳ ಲಿವರ್ ಕ್ಯಾನ್ಸರಿನಲ್ಲಿ ಈ ಒಂದಕ್ಷರದ ತಪ್ಪು ಮತ್ತೆ ಮತ್ತೆ ಸಿಕ್ಕಿದೆ. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ ತಿಂದು 106 ಜನ ಸತ್ತರು. ನಿಮ್ಮ ಮನೆಯಲ್ಲೂ ಜೋಳ ಇದೆಯಲ್ಲ. ತೆನೆ ಚೆನ್ನಾಗಿ ಒಣಗಿಸಿ, ನೆಲಕ್ಕೆ ತಾಗದಂತೆ ಮೂಟೆ ಇಡಿ. ಬೂಷ್ಟು ಬಂದದ್ದನ್ನು ‘ನಮಗೆ ಬೇಡ, ಹಸುವಿಗೆ ಹಾಕು’ ಅನ್ನುವುದು ನಮ್ಮ ಕಡೆ ರೂಢಿ. ಅದು ಹಾಲಿನಲ್ಲಿ ವಾಪಸ್ ಬರುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಗೂ ಇದೇ ಮಾತು.

ಹಾಗಂತ ಒಂದು ಅಕ್ಷರ ತಪ್ಪಿದ ಕೂಡಲೇ ಕಾಯಿಲೆ ಬರುವುದಿಲ್ಲ. ನಮ್ಮ ಒಂದೊಂದು ಕೋಶದಲ್ಲೂ ದಿನಕ್ಕೆ ಸಾವಿರಾರು ಕಡೆ ಡಿಎನ್‌ಎ ಕೆಡುತ್ತಲೇ ಇರುತ್ತದೆ. ಅದನ್ನು ರಿಪೇರಿ ಮಾಡುವ ಕಿಣ್ವಗಳು ಹಗಲು ರಾತ್ರಿ ಕೆಲಸ ಮಾಡುತ್ತವೆ. ಈ ರಿಪೇರಿ ಹೇಗೆ ನಡೆಯುತ್ತದೆ ಅಂತ ತೋರಿಸಿದ ಮೂವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇನ್ನೊಂದು ಗಮನಿಸಿ. ನಿಮ್ಮ ಲಿವರಿನ ಕೋಶದಲ್ಲಿ ಆದ ತಪ್ಪು ಮಗುವಿಗೆ ಹೋಗುವುದಿಲ್ಲ. ಹೋಗಬೇಕಾದರೆ ಅಂಡದಲ್ಲೋ ವೀರ್ಯದಲ್ಲೋ ಆಗಿರಬೇಕು.

ಪಿನ್ ಹೊಡೆದ ಪುಟದ ಕಥೆ ಬೇರೆ. 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಯುದ್ಧದಿಂದ ಬರ ಬಂತು. ಆಗಿನ್ನೂ ಹೊಟ್ಟೆಯಲ್ಲಿದ್ದ ಮಕ್ಕಳನ್ನು ಅರವತ್ತು ವರ್ಷ ಆದ ಮೇಲೆ ಪರೀಕ್ಷಿಸಿದರು. ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಮೇಲಿನ ಗುರುತುಗಳು, ಅಂದರೆ ನಾನು ಹೇಳಿದ ಪಿನ್ನುಗಳು, ಅವರಲ್ಲಿ ಕಡಿಮೆ ಇದ್ದವು. ಜೀನ್ ಅದೇ, ಗುರುತು ಬೇರೆ. 2007ರಲ್ಲಿ ಬಸುರಿ ಇಲಿಗಳಿಗೆ ಬಿಸ್ಫಿನಾಲ್-ಎ ತಿನ್ನಿಸಿದರು. ಹುಟ್ಟಿದ ಮರಿಗಳಲ್ಲಿ ಹಳದಿ ಮೈಯವು ಜಾಸ್ತಿಯಾದವು. ಒಂದು ಜೀನಿನ ಗುರುತು ಅಳಿಸಿತ್ತು. ತಾಯಿಯ ಆಹಾರಕ್ಕೆ ಫೋಲಿಕ್ ಆಮ್ಲದಂಥವನ್ನು ಸೇರಿಸಿದಾಗ ಆ ಪರಿಣಾಮ ತಪ್ಪಿತು. ಇಲಿಗೆ ಆದದ್ದು ಮನುಷ್ಯರಿಗೂ ಹಾಗೇ ಆಗುತ್ತದೆ ಅಂತಲ್ಲ. ಆದರೆ ಈ ಗುರುತುಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ ಅಂತ ಅದು ತೋರಿಸಿತು. ನಿಮಗೆ ಆಶಾ ಕಾರ್ಯಕರ್ತೆ ಕೊಟ್ಟಿರುವ ಫೋಲಿಕ್ ಆಸಿಡ್ ಮಾತ್ರೆ ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಲಿ ಅಂತ ಕೊಡುವುದು, ತಪ್ಪಿಸಬೇಡಿ.

ಮೊಮ್ಮಕ್ಕಳಿಗೂ ಹೋಗುತ್ತದೆ ಅನ್ನುವ ಮಾತಿನ ಮೂಲ 2005ರ ಒಂದು ಪ್ರಯೋಗ. ವಿನ್‌ಕ್ಲೋಜೊಲಿನ್ ಅನ್ನುವ ಶಿಲೀಂಧ್ರನಾಶಕವನ್ನು ಬಸುರಿ ಇಲಿಗಳಿಗೆ ದೊಡ್ಡ ಪ್ರಮಾಣದಲ್ಲಿ ಚುಚ್ಚಿದಾಗ ನಾಲ್ಕನೇ ತಲೆಮಾರಿನವರೆಗೆ ವೀರ್ಯ ಕಡಿಮೆಯಾದದ್ದು ಕಂಡಿತು. ಬೇರೆ ಪ್ರಯೋಗಾಲಯದಲ್ಲಿ ಮಾಡಿದಾಗ ಹಾಗೆ ಕಾಣಲಿಲ್ಲ. ಇದನ್ನು ಹಿಡಿದು ‘ನಿಮ್ಮ ವಂಶವೇ ಹಾಳು’ ಅಂತ ಬಸುರಿಯರನ್ನು ಹೆದರಿಸುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಆ ವಿಡಿಯೋ ಇನ್ನು ನೋಡಬೇಡಿ.

ಈಗ ಅಂಗಿಗೆ ಬರೋಣ. ಔಷಧಿ ಮೈಗೆ ಹೋಗುವುದು ಮೂಗಿನಿಂದ ಅಂತ ಎಲ್ಲರೂ ಟವೆಲ್ ಕಟ್ಟಿಕೊಳ್ಳುತ್ತಾರೆ. ಹೊಲದಲ್ಲಿ ಜಾಸ್ತಿ ಹೋಗುವುದು ಚರ್ಮದಿಂದ. ಬೆನ್ನಿಗೆ ಹಾಕುವ ಸ್ಪ್ರೇಯರ್ ಮುಚ್ಚಳದ ವಾಷರ್ ಸವೆದಿದ್ದರೆ ಬಗ್ಗಿದಾಗಲೆಲ್ಲ ಚೆಲ್ಲುತ್ತದೆ. ಬೆನ್ನು ನೆನೆಯುತ್ತದೆ, ಸೊಂಟ ನೆನೆಯುತ್ತದೆ, ಚಡ್ಡಿ ನೆನೆಯುತ್ತದೆ. ಪ್ಯಾರಾಥಿಯಾನ್ ಅನ್ನುವ ಕೀಟನಾಶಕವನ್ನು ಮನುಷ್ಯರ ಚರ್ಮಕ್ಕೇ ಹಚ್ಚಿ ನೋಡಿದ ಅಧ್ಯಯನ 1971ರಲ್ಲಿ ಬಂತು. ಮುಂಗೈ ಚರ್ಮ ಹಚ್ಚಿದ್ದರಲ್ಲಿ ಶೇಕಡಾ 9ರಷ್ಟು ಹೀರಿತು, ವೃಷಣದ ಚರ್ಮ ಹೆಚ್ಚುಕಡಿಮೆ ಪೂರ್ತಿ ಹೀರಿತು. ಗಂಡಸರಿಗೆ ಈ ಮಾತು ಹೇಳಲು ಸಂಕೋಚ ಬೇಡ. ವೀರ್ಯ ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ಕೆಲವು ರಾಸಾಯನಿಕ ಅದನ್ನೇ ನಿಲ್ಲಿಸುತ್ತವೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ ಮಣ್ಣಿನಲ್ಲಿರುವ ಜಂತುಹುಳು ಕೊಲ್ಲುವ ಔಷಧಿ ಡಿಬಿಸಿಪಿ ತಯಾರಿಸುತ್ತಿದ್ದ ಗಂಡಸರು ‘ನಮಗ್ಯಾರಿಗೂ ಮಕ್ಕಳಾಗುತ್ತಿಲ್ಲ’ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡಾಗ ಅದು ಹೊರಬಿತ್ತು.

ವಾಷರ್ ಇವತ್ತೇ ಬದಲಾಯಿಸಲಿ. ಕಲಸುವಾಗಲೇ ಅಪಾಯ ಜಾಸ್ತಿ, ಆಗ ಪುಡಿ ಇನ್ನೂ ನೀರಾಗಿರುವುದಿಲ್ಲ. ಉದ್ದ ಕೋಲಿನಲ್ಲಿ ಕಲಕಲಿ, ರಬ್ಬರ್ ಗ್ಲೌಸ್ ಹಾಕಲಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯಲಿ. ಔಷಧಿಗೆ ಅಂತಲೇ ಒಂದು ತುಂಬುತೋಳಿನ ಅಂಗಿ, ಒಂದು ಪ್ಯಾಂಟ್ ಇಟ್ಟುಕೊಂಡು, ಮನೆಯೊಳಗೆ ಬರುವ ಮುಂಚೆಯೇ ಬಿಚ್ಚಿ, ಹಿತ್ತಲಲ್ಲೇ ಸೋಪು ಹಾಕಿ ಸ್ನಾನ ಮಾಡಲಿ. ಆ ಬಟ್ಟೆ ಬೇರೆ ಬಕೆಟಿನಲ್ಲಿ, ಬೇರೆ ನೀರಿನಲ್ಲಿ, ಬಿಸಿಲಿನಲ್ಲಿ. ಈ ಒಂಬತ್ತು ತಿಂಗಳು ಅದನ್ನು ಅವರೇ ಒಗೆಯಲಿ. ನೀವು ಕಲಸುವುದಕ್ಕೂ ಹೋಗಬೇಡಿ, ಹೊಡೆದ ಎರಡು ಮೂರು ದಿನ ಆ ಹೊಲಕ್ಕೆ ಕಳೆ ತೆಗೆಯಲೂ ಹೋಗಬೇಡಿ. ಅತ್ತೆ ಏನಾದರೂ ಅಂದರೆ ಡಾಕ್ಟರ್ ಹೇಳಿದ್ದಾರೆ ಅನ್ನಿ, ನಾನು ಹೇಳಿದ್ದೇನೆ. ಖಾಲಿ ಡಬ್ಬಿಯಲ್ಲಿ ಹಾಲು, ಸೀಮೆಎಣ್ಣೆ, ಬಿತ್ತನೆ ಬೀಜ ಏನೂ ಇಡಬೇಡಿ. ಅವರೇ ತೊಳೆದು, ತೂತು ಮಾಡಿಬಿಡಲಿ. ಅಟ್ಟದ ಮೇಲೋ ಹಳೆ ಗೋಡೌನಿನಲ್ಲೋ ತಾತನ ಕಾಲದ ಗಮಾಕ್ಸಿನ್ ಪುಡಿ, ಅಂದರೆ ಬಿಎಚ್‌ಸಿ ಅನ್ನುವ ಕೀಟನಾಶಕ, ಇನ್ನೂ ಉಳಿದಿದ್ದರೆ ಅದನ್ನು ಮುಟ್ಟದೆ ಕೃಷಿ ಇಲಾಖೆಯವರನ್ನು ಕೇಳಿ. ಬಿಎಚ್‌ಸಿ ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧ ಆಗಿದೆ, ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುವ ಜಾತಿ ಅದು.

ಬೋರಿನ ನೀರಿಗೆ ಪರೀಕ್ಷೆ ಬೇಕು. ಶುಂಠಿಗೆ ಗೊಬ್ಬರವೂ ಜಾಸ್ತಿ, ಔಷಧಿಯೂ ಜಾಸ್ತಿ. ನನಗೆ ಮೊದಲ ಅನುಮಾನ ನೈಟ್ರೇಟ್ ಮೇಲೆ. ಯೂರಿಯಾದಿಂದಲೂ ಬರುತ್ತದೆ, ತಿಪ್ಪೆಯಿಂದಲೂ ಬರುತ್ತದೆ. ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಜಾಸ್ತಿಯಾದರೆ ಅದು ಥೈರಾಯ್ಡ್‌ಗೆ ಹೋಗುವ ಅಯೋಡಿನ್ ದಾರಿಯಲ್ಲಿ ನೂಕುನುಗ್ಗಲು ಮಾಡುತ್ತದೆ. ಹಸುಗೂಸಿಗೆ ಆ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ರಕ್ತ ಆಮ್ಲಜನಕ ಹೊರುವುದೇ ಕಡಿಮೆಯಾಗಿ ಮೈ ನೀಲಿಯಾಗುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಬಗ್ಗುವುದಿಲ್ಲ, ಆರ್‌ಒ ಬೇಕು. ಮಳೆಗಾಲ ಶುರುವಾದ ಮೇಲೆ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ಜಿಲ್ಲೆಯ ಕುಡಿಯುವ ನೀರಿನ ಲ್ಯಾಬಿಗೆ ಕೊಡಿ, ಜನರ ನೀರನ್ನೂ ಪರೀಕ್ಷೆ ಮಾಡುತ್ತಾರೆ. ಪಂಚಾಯಿತಿಯಲ್ಲಿ ಕಿಟ್ ಇದ್ದರೆ ಅಲ್ಲೇ ಆಗುತ್ತದೆ. ಅರಸೀಕೆರೆ, ಕಡೂರಿನ ಕಡೆಯವರು ಇದನ್ನು ಓದುತ್ತಿದ್ದರೆ ನಿಮಗೆ ಫ್ಲೋರೈಡ್ ಪರೀಕ್ಷೆ ಮುಖ್ಯ, ಅದರ ಮಿತಿ 1.5 ಮಿಲಿಗ್ರಾಂ. ವರದಿ ಬರುವವರೆಗೆ ನೀವು ಪಂಚಾಯಿತಿ ನಲ್ಲಿ ನೀರು ಕುಡಿಯಿರಿ.

ನಾದಿನಿ ಮಗಳ ವಿಷಯ. ಹತ್ತೂವರೆಗೆ ದೊಡ್ಡವಳಾಗುವುದು ಸ್ವಲ್ಪ ಬೇಗ, ಆದರೆ ಕಾಯಿಲೆ ಅಲ್ಲ. ಎಂಟು ವರ್ಷಕ್ಕೆ ಮುಂಚೆ ಎದೆ ಬೆಳೆದರೆ, ಹತ್ತಕ್ಕೆ ಮುಂಚೆ ಮುಟ್ಟಾದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಊಟ ಚೆನ್ನಾಗಾಗಿ ಮೈ ತುಂಬಿಕೊಂಡ ಮಕ್ಕಳು ಅಜ್ಜಿಯರ ಕಾಲಕ್ಕಿಂತ ಬೇಗ ದೊಡ್ಡವರಾಗುತ್ತಾರೆ. ಬ್ರಾಯ್ಲರ್ ಕೋಳಿ ಬೇಗ ಬೆಳೆಯುವುದು ತಳಿಯಿಂದ, ಮೇವಿನಿಂದ. ಶೆಡ್ಡಿನಲ್ಲಿ ಸಾವಿರಾರು ಕೋಳಿಗೆ ಯಾರೂ ಹಾರ್ಮೋನ್ ಸೂಜಿ ಚುಚ್ಚಿಕೊಂಡು ಕೂರುವುದಿಲ್ಲ. ಆ ಮಗುವಿನ ಮುಂದೆ ‘ಕೋಳಿ ತಿಂದು ಹಿಂಗಾಯ್ತು’ ಅಂತ ದಯವಿಟ್ಟು ಯಾರೂ ಅನ್ನಬೇಡಿ. ಮೊದಲೇ ಹೆದರಿರುತ್ತಾಳೆ.

ತರಕಾರಿ ಬಿಡಬೇಡಿ. ಬಸುರಿ ಹೆಂಗಸು ಸೊಪ್ಪು ತರಕಾರಿ ಬಿಟ್ಟರೆ ಆಗುವ ನಷ್ಟ ದೊಡ್ಡದು. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಎಲೆಕೋಸಿನ ಹೊರಗಿನ ಎರಡು ಎಲೆ ತೆಗೆದುಹಾಕಿ. ತೊಳೆಯುವುದು ಬೇಯಿಸುವ ಮುಂಚೆ ಆಗಬೇಕು. ಟೊಮೆಟೊ, ಹುರುಳಿಕಾಯಿ ಮೇಲೆ ಮ್ಯಾಂಕೋಜೆಬ್ ಉಳಿದಿದ್ದರೆ ಬಿಸಿಗೆ ಅದರಿಂದಲೇ ಎಥಿಲೀನ್ ಥಯೋಯೂರಿಯಾ ಹುಟ್ಟುತ್ತದೆ. ಆಲೂಗೆಡ್ಡೆ ಮಣ್ಣಿನೊಳಗೆ ಇರುವುದರಿಂದ ಎಲೆಗೆ ಹೊಡೆದದ್ದು ಅದಕ್ಕೆ ತಾಗುವುದು ಕಡಿಮೆ, ಸಿಪ್ಪೆ ತೆಗೆದರೆ ಇನ್ನೂ ಕಡಿಮೆ. ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು ಹಾಕಿಕೊಂಡರೆ ಬಹಳ ಒಳ್ಳೆಯದು, ಔಷಧಿ ಗಾಳಿಗೆ ಹಾರಿ ಬರದ ಕಡೆ ಹಾಕಿ. ಹೋಟೆಲಿನ ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ತರಿಸಬೇಡಿ, ಸ್ಟೀಲ್ ಡಬ್ಬಿ ಕೊಟ್ಟು ಕಳಿಸಿ. ಗಟ್ಟಿ ಪ್ಲಾಸ್ಟಿಕ್ಕಿನ ಬಿಸ್ಫಿನಾಲ್-ಎ ಒಂದು ದಿನದೊಳಗೆ ಹೆಚ್ಚುಕಡಿಮೆ ಮೂತ್ರದಲ್ಲಿ ಹೊರಟುಹೋಗುತ್ತದೆ. ದಿನವೂ ಬರುವುದನ್ನು ನಿಲ್ಲಿಸಿದರೆ ಮೈಯಲ್ಲಿ ಬೇಗ ಇಳಿಯುತ್ತದೆ.

ಹಾಲು ಖಂಡಿತ ಕೊಡಿ. ಡಿಡಿಟಿಯಂಥವು ತಾಯಿಯ ಕೊಬ್ಬಿನಿಂದ ಹಾಲಿಗೆ ಸ್ವಲ್ಪ ಬರುವುದು ನಿಜ, ಇದನ್ನು ಹಲವು ದೇಶಗಳಲ್ಲಿ ದಶಕಗಳಿಂದ ಅಳೆದಿದ್ದಾರೆ. ಅಳೆದ ಮೇಲೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಮೊದಲ ಆರು ತಿಂಗಳು ತಾಯಿಯ ಹಾಲೇ ಸಾಕು ಅಂತ. ನೈಟ್ರೇಟ್ ಇರುವ ನೀರಿನಲ್ಲಿ ಪುಡಿಹಾಲು ಕಲಸುವುದಕ್ಕಿಂತ ನಿಮ್ಮ ಹಾಲು ಎಷ್ಟೋ ಪಾಲು ಒಳ್ಳೆಯದು. ನಿಮ್ಮ ಥೈರಾಯ್ಡ್ ಮಾತ್ರೆಯಿಂದಲೂ ಹಾಲಿಗೆ ತೊಂದರೆ ಇಲ್ಲ. ಮಗು ಅಂಬೆಗಾಲಿಡುವ ಹೊತ್ತಿಗೆ ಔಷಧಿಯ ಬಟ್ಟೆ, ಸ್ಪ್ರೇಯರ್, ಗಂಬೂಟು ಎಲ್ಲ ಮನೆಯಿಂದ ಆಚೆ ಬೇರೆ ಜಾಗಕ್ಕೆ ಹೋಗಿರಲಿ. ಸಂಜೆ ಅಪ್ಪ ಬಂದ ಸದ್ದು ಕೇಳಿದರೆ ಮಗು ಓಡಿಹೋಗಿ ಕಾಲು ತಬ್ಬಿಕೊಳ್ಳುತ್ತದೆ, ಪ್ಯಾಂಟಿಗೆ ಮುಖ ಒರೆಸುತ್ತದೆ. ಅವರು ಅಷ್ಟು ಹೊತ್ತಿಗೆ ಸ್ನಾನ ಮುಗಿಸಿರಲಿ.